ನಡೆಯಬಲ್ಲವರು ನಡೆದರು, ಉಳಿದವರು ಬಿದ್ದರು: ಐದು ಹಾಳೆಯ ಒಂದು ರಾತ್ರಿ

ಪ್ರಕರಣ ಚಿಕ್ಕದು. ಒಬ್ಬನ ಮನೆಯಲ್ಲಿ ಗೆಳೆಯರು ಸೇರುತ್ತಾರೆ. ಕುಡಿಯುತ್ತಾರೆ. ರಾತ್ರಿ ಮನೆಗೆ ಹೊರಡುತ್ತಾರೆ. ಕೆಲವರಿಗೆ ಹೊರಡಲು ಆಗುವುದಿಲ್ಲ. ನಮ್ಮ ಮಾತಿನಲ್ಲಿ ಹೇಳಿದರೆ ಒಂದು ಗುಂಡು ಪಾರ್ಟಿ. ಇದನ್ನು 1739-40ರ ಸುಮಾರಿಗೆ ಆಮ್‌ಸ್ಟರ್‌ಡಾಮ್‌ನ ಕೊರ್ನೇಲಿಸ್ ತ್ರೋಸ್ಟ್ ಎಂಬವನು ಐದು ಹಾಳೆಗಳಲ್ಲಿ ಚಿತ್ರ ಮಾಡಿ ಬರೆದ. ಒಂದೊಂದು ಹಾಳೆಯೂ ಅರ್ಧ ಮೀಟರ್‌ಗಿಂತ ತುಸು ಎತ್ತರ, ಮುಕ್ಕಾಲು ಮೀಟರ್‌ಗೆ ಹತ್ತಿರದ ಅಗಲ. ಈಗ ಅವು ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿವೆ. ಮುತ್ತಿನ ಓಲೆಯ ಹುಡುಗಿ ಎಂಬ ವರ್ಮೀರ್‌ನ ಚಿತ್ರವನ್ನು ನೋಡಲು ಜನ ಮುಗಿಬೀಳುವ ಮ್ಯೂಸಿಯಂ ಅದು. ಈ ಕುಡುಕರನ್ನು ಕೇಳುವವರು ಕಡಿಮೆ.

ಹದಿನೆಂಟನೇ ಶತಮಾನದ ಡಚ್ಚರ ದಿನನಿತ್ಯದ ಬದುಕು ಹೇಗಿತ್ತು ಅಂತ ಯಾರಾದರೂ ಕೇಳಿದರೆ, ಈ ಐದು ಹಾಳೆಗಳನ್ನು ಮುಂದಿಟ್ಟು "ಹೀಗಿತ್ತು ನೋಡಿ" ಅನ್ನುವುದು ಸುಲಭ. ವಿಗ್ಗು, ಪೈಪು, ಬಾಟಲಿ, ಕುರ್ಚಿ ಎಲ್ಲಾ ಇದೆ. ಆದರೆ ಬರೆದವನು ಮೊದಲು ನಾಟಕದವನು, ಆಮೇಲೆ ಚಿತ್ರಗಾರ. ಹಾಗಾದರೆ ಈ ಹಾಳೆಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು? ಈ ಬರಹ ಅಷ್ಟರ ಬಗ್ಗೆ.

ಐದು ಅಕ್ಷರ

ಈ ಸರಣಿಗೆ ನೆಲ್ರಿ ಅಂತ ಹೆಸರು. ಡಚ್ ಭಾಷೆಯಲ್ಲಿ ಹುಡುಕಿದರೆ ಆ ಪದ ಸಿಗುವುದಿಲ್ಲ. ಐದೂ ಹಾಳೆಗಳಿಗೆ ಒಂದೊಂದು ಲ್ಯಾಟಿನ್ ವಾಕ್ಯ ಇದೆ. ಆ ಐದು ವಾಕ್ಯಗಳ ಮೊದಲ ಅಕ್ಷರ (N, E, L, R, I) ಸೇರಿಸಿದರೆ ನೆಲ್ರಿ. ಶಾಲೆಯಲ್ಲಿ ನಾವು ಗಣಗಳನ್ನು ನೆನಪಿಡಲು "ಯಮಾತಾರಾಜಭಾನಸಲಗಂ" ಅಂತ ಉರು ಹೊಡೆದೆವಲ್ಲ, ಆ ಜಾತಿಯದೇ ಇದೂ.

ಮೊದಲನೆಯದು, ನೇಮೋ ಲೊಕ್ವೆಬಾತುರ್. ಯಾರೂ ಮಾತಾಡುತ್ತಿರಲಿಲ್ಲ. ಬಂದವರೆಲ್ಲ ಮರ್ಯಾದಸ್ಥರು, ಬಾಯಿ ಇನ್ನೂ ಬಿಟ್ಟಿಲ್ಲ. ಎರಡನೆಯದು, ಎರಾತ್ ಸೆರ್ಮೋ ಇಂತೆರ್ ಫ್ರಾತ್ರೆಸ್. ಅಣ್ಣತಮ್ಮಂದಿರ ನಡುವೆ ಮಾತು ನಡೆದಿತ್ತು. ಮೂರನೆಯದು, ಲೊಕ್ವೆಬಾಂತುರ್ ಓಮ್ನೆಸ್. ಎಲ್ಲರೂ ಮಾತಾಡುತ್ತಿದ್ದರು. ಎಲ್ಲರೂ ಮಾತಾಡುತ್ತಿದ್ದರು ಅಂದರೆ ಯಾರೂ ಕೇಳುತ್ತಿರಲಿಲ್ಲ ಅಂತಲೇ ಅರ್ಥ, ಅಲ್ವಾ? ನಾಲ್ಕನೆಯದು, ರೂಮೋರ್ ಎರಾತ್ ಇನ್ ಕಾಸಾ. ಮನೆಯಲ್ಲಿ ಗದ್ದಲವೋ ಗದ್ದಲ. ಇಲ್ಲಿರುವ ರೂಮೋರ್ ನಾವು ದಿನಾ ಆಡುವ ರೂಮರ್ ಪದದ ಅಜ್ಜ. ಲ್ಯಾಟಿನ್‌ನಲ್ಲಿ ಅದಕ್ಕೆ ಗಾಳಿಸುದ್ದಿ ಅನ್ನುವ ಅರ್ಥವೂ ಇದೆ, ಬರೀ ಸದ್ದು ಗದ್ದಲ ಅನ್ನುವ ಅರ್ಥವೂ ಇದೆ.

ಐದನೆಯದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಈಬಂತ್ ಕ್ವೀ ಪೊತೆರಂತ್, ಕ್ವೀ ನೋನ್ ಪೊತುಏರೆ ಕದೇಬಂತ್. ನಡೆಯಬಲ್ಲವರು ನಡೆದರು, ಆಗದವರು ಬಿದ್ದರು.

ಮೊದಲ ನಾಲ್ಕು ಸಾದಾ ಗದ್ಯ. ಐದನೆಯದು ಪದ್ಯ. ಗುರು ಲಘು ಹಾಕಿ ನೋಡಿ: ಈ-ಬಂತ್, ಕ್ವೀ-ಪೊ-ತೆ, ರಂತ್-ಕ್ವೀ, ನೋನ್-ಪೊ-ತು, ಏ-ರೆ-ಕ, ದೇ-ಬಂತ್. ಆರು ಗಣ. ಒಂದೊಂದಕ್ಕೂ ನಾಲ್ಕು ಮಾತ್ರೆ. ನಮ್ಮ ಕಂದಪದ್ಯದ ಗಣಕ್ಕೂ ನಾಲ್ಕೇ ಮಾತ್ರೆ, ಹಾಗಾಗಿ ನಮ್ಮ ಕಿವಿಗೆ ಇದು ತಟ್ಟನೆ ಹಿಡಿಯುತ್ತದೆ. ರೋಮನ್ ಮಹಾಕಾವ್ಯಗಳಲ್ಲಿ ವೀರರು ಯುದ್ಧಕ್ಕೆ ಹೋಗುವುದು ಇದೇ ಛಂದಸ್ಸಿನಲ್ಲಿ. ಇಲ್ಲಿ ಅದೇ ಛಂದಸ್ಸಿನಲ್ಲಿ ಕುಡುಕರು ಮನೆಗೆ ಹೋಗುತ್ತಿದ್ದಾರೆ. ಅವರ ಕಾಲು ತಪ್ಪುತ್ತದೆ, ಸಾಲಿನ ಕಾಲು ಒಂದೂ ತಪ್ಪಿಲ್ಲ.

ಮನೆಯ ಯಜಮಾನನ ಹೆಸರಲ್ಲೂ ಇಂಥದೇ ಕೀಟಲೆ ಇದೆ. ಬೀಬೇರಿಯಸ್. ಬಿಬೆರೆ ಅಂದರೆ ಲ್ಯಾಟಿನ್‌ನಲ್ಲಿ ಕುಡಿಯುವುದು. ರೋಮನ್ ಚಕ್ರವರ್ತಿ ತಿಬೇರಿಯಸ್ ಜಾಸ್ತಿ ಕುಡಿಯುತ್ತಿದ್ದ ಅಂತ ಅವನ ಸೈನಿಕರೇ ಬೆನ್ನ ಹಿಂದೆ ಬೀಬೇರಿಯಸ್ ಅಂತ ಕರೆಯುತ್ತಿದ್ದರೆಂದು ರೋಮನ್ ಚರಿತ್ರೆಕಾರ ಸುಯೆಟೋನಿಯಸ್ ಬರೆದಿದ್ದಾನೆ. ಲ್ಯಾಟಿನ್ ಶಾಲೆಯಲ್ಲಿ ಏಟು ತಿಂದು ಓದಿದವರಿಗೆ ಮಾತ್ರ ಇದು ತಿಳಿದು ನಗು ಬರುತ್ತಿತ್ತು. ಅಂದರೆ ಚಿತ್ರದ ಒಳಗೆ ಕೂತವರೂ, ಹೊರಗೆ ನಿಂತು ನೋಡುವವರೂ ಒಂದೇ ಜಾತಿಯ ಜನ. ಓದಿದವರು, ಕಾಸಿದ್ದವರು, ವಿಗ್ ಹಾಕುವವರು. ಡಚ್ಚರು ಹದಿನೆಂಟನೇ ಶತಮಾನಕ್ಕೆ ಇಟ್ಟ ಅಡ್ಡಹೆಸರೇ ವಿಗ್ಗಿನ ಕಾಲ.

ಬರೆದವನು ಯಾರು

ತ್ರೋಸ್ಟ್ ಹುಟ್ಟಿದ್ದು 1696ರಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ. ಸತ್ತಿದ್ದು 1750ರಲ್ಲಿ, ಅದೇ ಊರಲ್ಲಿ. ಆರ್ನೊಲ್ಡ್ ಬೋನೆನ್ ಎಂಬ ಭಾವಚಿತ್ರಕಾರನ ಹತ್ತಿರ ಚಿತ್ರ ಕಲಿತ. ಆದರೆ ಹೊಟ್ಟೆಪಾಡಿಗೆ ಊರಿನ ದೊಡ್ಡ ರಂಗಮಂದಿರದಲ್ಲಿ ನಟನಾಗಿದ್ದ. ನಟಿಯನ್ನೇ ಮದುವೆಯಾದ. ಮೂವತ್ತರ ಹತ್ತಿರ ಬಂದಾಗ ಬಣ್ಣ ಹಚ್ಚುವುದನ್ನು ಬಿಟ್ಟು ಬಣ್ಣ ಬರೆಯುವುದಕ್ಕೆ ನಿಂತ. ಆಮೇಲೂ ರಂಗದ ನಂಟು ಬಿಡಲಿಲ್ಲ. ಪರದೆ ಬರೆದುಕೊಟ್ಟ, ಜನಪ್ರಿಯ ಪ್ರಹಸನಗಳ ದೃಶ್ಯಗಳನ್ನು ಒಂದಾದ ಮೇಲೆ ಒಂದು ಬರೆದ.

ಇದನ್ನು ತಲೆಯಲ್ಲಿಟ್ಟುಕೊಂಡು ಐದು ಹಾಳೆ ನೋಡಿ. ಐದು ಹಾಳೆ ಅಂದರೆ ಐದು ಅಂಕ. ಆಗಿನ ಆಮ್‌ಸ್ಟರ್‌ಡಾಮ್ ರಂಗಭೂಮಿಯಲ್ಲಿ ಫ್ರೆಂಚ್ ನಾಟಕದ ನಿಯಮಗಳದೇ ದರ್ಬಾರು. ದೊಡ್ಡ ನಾಟಕಕ್ಕೆ ಐದು ಅಂಕ ಇರಬೇಕು, ಕತೆ ಒಂದು ದಿನದೊಳಗೆ ಮುಗಿಯಬೇಕು, ಜಾಗ ಬದಲಾಗಬಾರದು. ನೆಲ್ರಿಯಲ್ಲೂ ಒಂದೇ ರಾತ್ರಿ, ಒಂದೇ ಮನೆ. ಕೊನೆಯ ಅಂಕದಲ್ಲಿ ಮಾತ್ರ ಬಾಗಿಲ ಹೊರಗೆ ಬರುತ್ತೇವೆ. ಗೋಡೆಯೊಂದನ್ನು ತೆಗೆದಿಟ್ಟ ಹಾಗೆ ಕೋಣೆ ನಮ್ಮ ಕಡೆ ತೆರೆದಿದೆ, ಕಂಪನಿ ನಾಟಕದಲ್ಲಿ ಮುಂದಿನ ಸಾಲಿನ ಸೀಟು ಸಿಕ್ಕ ಹಾಗೆ.

ಹಾಗಾಗಿ ಆ ಮುಖಗಳನ್ನು ನಾನು ನಂಬುವುದಿಲ್ಲ. ಮೊದಲ ಹಾಳೆಯ ಬಿಗುಮಾನ, ನಾಲ್ಕನೆಯದರ ಅಬ್ಬರ ಎರಡೂ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣಬೇಕು ಅಂತ ಮಾಡಿದ ಅಭಿನಯ. ನಿಜವಾದ ಪಾರ್ಟಿಗಳು ಹೀಗೆ ಲೆಕ್ಕ ಹಾಕಿ ಮೆಟ್ಟಿಲು ಹತ್ತುವುದಿಲ್ಲ. ಒಬ್ಬ ಬರುವಾಗಲೇ ಹಾಕಿಕೊಂಡು ಬಂದಿರುತ್ತಾನೆ, ಇನ್ನೊಬ್ಬ ಕೊನೆಯವರೆಗೂ ಮೂಲೆಯಲ್ಲಿ ಬಿಮ್ಮಗೆ ಕೂತಿರುತ್ತಾನೆ.

ಇದೇ ತ್ರೋಸ್ಟ್ 1729ರಲ್ಲಿ ಆಮ್‌ಸ್ಟರ್‌ಡಾಮ್‌ನ ಬಡಮಕ್ಕಳ ಅನಾಥಾಲಯದ ಆಡಳಿತಗಾರರನ್ನು ಎಣ್ಣೆಬಣ್ಣದಲ್ಲಿ ಬರೆದಿದ್ದ. ಅದು ಈಗ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ, ಅಗಲ ಎರಡೂ ನಾಲ್ಕು ಮೀಟರ್ ಮೇಲೆ. ಅಲ್ಲೂ ವಿಗ್ ಹಾಕಿದ ಗಂಡಸರು, ಅಲ್ಲೂ ಮೇಜು. ಮೇಜಿನ ಮೇಲೆ ಲೆಕ್ಕಪತ್ರ, ಎದುರಿಗೆ ಅನಾಥ ಮಕ್ಕಳು, ಎಲ್ಲರ ಮುಖದಲ್ಲೂ ಗಾಂಭೀರ್ಯ. ಅದಕ್ಕೆ ದುಡ್ಡು ಕೊಟ್ಟವರು ಚಿತ್ರದಲ್ಲಿರುವವರೇ. ಹತ್ತು ವರ್ಷದ ನಂತರ ಅಂಥವರೇ ಕಾಗದದ ಮೇಲೆ ಬಂದು ಬೀಳುತ್ತಾರೆ. ನಾಲ್ಕು ಮೀಟರ್ ಕ್ಯಾನ್ವಾಸಿನಲ್ಲಿ ಹೇಳಲು ಆಗದ ಮಾತಿಗೆ ಮುಕ್ಕಾಲು ಮೀಟರ್ ಹಾಳೆ ಸಾಕಾಯಿತು. ಕಾಗದಕ್ಕೆ ಆ ಸಲಿಗೆ ಇತ್ತು.

ಹಾಗಾದರೆ ನಂಬುವುದು ಏನನ್ನು?

ಮೇಜನ್ನು.

ನಟನ ಕಣ್ಣು ಮುಖವನ್ನು ದೊಡ್ಡದು ಮಾಡುತ್ತದೆ, ನಿಜ. ಆದರೆ ರಂಗದ ಮೇಲೆ ಕೆಲಸ ಮಾಡಿದವನಿಗೆ ಸಾಮಾನಿನ ಲೆಕ್ಕ ತಪ್ಪುವುದಿಲ್ಲ. ಎಷ್ಟನೇ ಅಂಕದಲ್ಲಿ ಲೋಟ ಎಲ್ಲಿರಬೇಕು, ಯಾರ ಕೈಯಲ್ಲಿ ಪೈಪು ಇರಬೇಕು, ಇದೆಲ್ಲ ಅವನಿಗೆ ರೂಢಿ. ನೋಡುವವರೂ ಅವೇ ಸಾಮಾನುಗಳನ್ನು ದಿನಾ ಬಳಸುವವರು. ತಪ್ಪು ಬರೆದರೆ ಥಟ್ಟನೆ ಹಿಡಿಯುತ್ತಿದ್ದರು.

ಉದಾಹರಣೆಗೆ ಆ ಕಾಲದ ಪೈಪು. ಉದ್ದ ಕೊಳವೆಯ ಬಿಳಿ ಮಣ್ಣಿನ ಪೈಪು. ಇದಕ್ಕೆ ಹೆಸರಾದ ಊರು ಗೌಡಾ, ಈಗ ಚೀಸ್‌ನಿಂದ ನಮಗೆ ಗೊತ್ತಿರುವ ಅದೇ ಗೌಡಾ. (ನಮ್ಮ ಗೌಡರಿಗೂ ಅದಕ್ಕೂ ಸಂಬಂಧ ಇಲ್ಲ, ಡಚ್ಚರು ಅದನ್ನು ಖೌಡಾ ಅನ್ನುತ್ತಾರೆ.) ಮಣ್ಣನ್ನು ಅಚ್ಚಿಗೆ ಒತ್ತಿ, ತಂತಿ ತೂರಿಸಿ ಹೊಗೆದಾರಿ ಮಾಡಿ, ಸುಟ್ಟು ತೆಗೆಯುತ್ತಿದ್ದರು. ಬಟ್ಟಲಿನ ಕೆಳಗೆ ಒಂದು ಪುಟ್ಟ ಹಿಮ್ಮಡಿ ಇರುತ್ತದೆ. ಅದರ ಮೇಲೆ ಮಾಡಿದವನ ಗುರುತಿನ ಮುದ್ರೆ. ಕೊಳವೆ ಉದ್ದ ಇದ್ದಷ್ಟೂ ಹೊಗೆ ತಣ್ಣಗಾಗಿ ಬಾಯಿಗೆ ಬರುತ್ತದೆ, ಪೈಪು ಅಷ್ಟೇ ಬೇಗ ಮುರಿಯುತ್ತದೆ. ಮುರಿದರೆ ಅಂಟಿಸುವವರು ಯಾರೂ ಇಲ್ಲ. ಬಿಸಾಡುವುದು, ಇನ್ನೊಂದು ತರುವುದು. ನಮ್ಮಲ್ಲಿ ಟೀ ಕುಡಿದು ಮಣ್ಣಿನ ಕುಡಿಕೆ ಎಸೆದ ಹಾಗೆ.

ಬಿಸಾಡಿದ್ದು ಎಲ್ಲಿಗೆ? ಬಹಳಷ್ಟು ನೀರಿಗೆ. ಆಮ್‌ಸ್ಟರ್‌ಡಾಮ್‌ನಲ್ಲಿ ಹೊಸ ಮೆಟ್ರೋ ಲೈನಿಗಾಗಿ ಆಮ್‌ಸ್ಟೆಲ್ ನದಿಯ ಹಳೇ ಪಾತ್ರವನ್ನು ಅಗೆದಾಗ ಪುರಾತತ್ವದವರಿಗೆ ಸುಮಾರು 7 ಲಕ್ಷ ವಸ್ತುಗಳು ಸಿಕ್ಕವು. ಅದರಲ್ಲಿ ಇಂಥ ಪೈಪಿನ ಚೂರುಗಳಿವೆ, ಬಾಟಲಿ ಇವೆ, ಲೋಟದ ಕಾಲುಗಳಿವೆ, ಗುಂಡಿಗಳಿವೆ, ನಾಣ್ಯಗಳಿವೆ. ತ್ರೋಸ್ಟ್ ತನ್ನ ಮೇಜಿನ ಮೇಲೆ ಏನಿಟ್ಟನೋ ಕೆಸರು ಅದನ್ನೇ ವಾಪಸ್ ಕೊಟ್ಟಿತು. ಕೆಸರಿಗೆ ಅಭಿನಯ ಗೊತ್ತಿಲ್ಲ.

ಇನ್ನೊಬ್ಬ ಸಾಕ್ಷಿ ನೋಟರಿ. ಆಮ್‌ಸ್ಟರ್‌ಡಾಮ್‌ನ ನೋಟರಿಗಳ ದಾಖಲೆಗಳು 1578ರಿಂದ 1915ರವರೆಗೆ ಇವೆ. ಕಪಾಟುಗಳನ್ನು ಸಾಲಾಗಿ ಇಟ್ಟರೆ ಮೂರೂವರೆ ಕಿಲೋಮೀಟರ್. ಮನೆಯವರು ಸತ್ತಾಗ ನೋಟರಿ ಬಂದು ಕೋಣೆ ಕೋಣೆ ತಿರುಗಿ ಪಟ್ಟಿ ಮಾಡುತ್ತಿದ್ದ: ಇಷ್ಟು ಕುರ್ಚಿ, ಇಷ್ಟು ಚಿತ್ರ, ಇಷ್ಟು ಹಾಸಿಗೆ. ಗಲಾಟೆಯಾದಾಗ ಅಕ್ಕಪಕ್ಕದವರು ಹೋಗಿ ಹೇಳಿಕೆ ಕೊಡುತ್ತಿದ್ದರು: ಇಂಥವನು ಕುಡಿದು ಬಾಗಿಲು ಒದ್ದ, ಇಂಥ ಮಾತಾಡಿದ. ಅಲ್ಲಿ ಲ್ಯಾಟಿನ್ ತಮಾಷೆ ಇಲ್ಲ, ಛಂದಸ್ಸೂ ಇಲ್ಲ. ಯಾರು ಯಾರ ಬಾಗಿಲು ಒದ್ದರು ಅನ್ನುವುದು ಮಾತ್ರ ಇದೆ.

ಈ ಮೂವರನ್ನೂ ಪಕ್ಕಪಕ್ಕ ಕೂರಿಸಿದರೆ ಚಿತ್ರದ ಕೆಲಸ ಏನೆಂದು ಗೊತ್ತಾಗುತ್ತದೆ. ಕೆಸರು ಪೈಪು ಕೊಡುತ್ತದೆ, ಅದನ್ನು ಹಿಡಿದ ಕೈ ಕೊಡುವುದಿಲ್ಲ. ನೋಟರಿ ಕುರ್ಚಿ ಎಣಿಸುತ್ತಾನೆ, ಅದರ ಮೇಲೆ ಹೇಗೆ ಒರಗಿ ಕೂರುತ್ತಿದ್ದರು ಅಂತ ಬರೆಯುವುದಿಲ್ಲ. ಅದನ್ನು ಕೊಡುವವನು ತ್ರೋಸ್ಟ್ ಮಾತ್ರ.

ಪುಡಿಯಲ್ಲಿ ಬರೆದದ್ದು

ಕಾಗದದ ಮೇಲೆ ಬರೆದದ್ದು ಅಂದ ತಕ್ಷಣ ಸರಸರ ಗೀಚಿದ ಸ್ಕೆಚ್ ಅಂತ ನಮಗೆ ಅನಿಸುತ್ತದೆ. ಇದು ಹಾಗಲ್ಲ. ಆಗಿನ ಡಚ್ಚರಲ್ಲಿ ಕಾಗದದ ಮೇಲಿನ ಚಿತ್ರವೇ ಪೂರ್ತಿ ಮಾಲು. ಬೇರೆ ದೊಡ್ಡ ಚಿತ್ರಕ್ಕೆ ತಯಾರಿ ಅಂತೇನಲ್ಲ, ಅದನ್ನೇ ಕೊಳ್ಳುವವರು ಇದ್ದರು.

ತ್ರೋಸ್ಟ್ ಇಲ್ಲಿ ಎರಡು ಬಗೆ ಬಣ್ಣ ಬೆರೆಸಿದ. ಒಂದು ಪಾಸ್ಟೆಲ್, ಇನ್ನೊಂದು ಗ್ವಾಶ್. ಪಾಸ್ಟೆಲ್ ಅಂದರೆ ಬಣ್ಣದ ಪುಡಿಗೆ ಸೀಮೆಸುಣ್ಣದಂಥ ಬಿಳಿ ಪುಡಿ ಸೇರಿಸಿ, ಚೂರೇ ಚೂರು ಗೋಂದು ಹಾಕಿ, ಬಳಪದ ಹಾಗೆ ಕಡ್ಡಿ ಮಾಡಿ ಒಣಗಿಸಿದ್ದು. ಉಜ್ಜಿದರೆ ಕಾಗದದ ಮೇಲೆ ಕೂರುತ್ತದೆ. ಬೆರಳಿಂದ ತೀಡಿದರೆ ಮಖಮಲ್ ಕೋಟು, ಕೆನ್ನೆ, ಹೊಗೆ ಎಲ್ಲಾ ಮೆತ್ತಗೆ ಬರುತ್ತದೆ. ಆದರೆ ಲೋಟದ ಅಂಚಿನ ಹೊಳಪು, ಗುಂಡಿಯ ಮಿಂಚು ಅದರಲ್ಲಿ ಬರುವುದಿಲ್ಲ. ಅದಕ್ಕೆ ಕುಂಚ ಬೇಕು, ಗಟ್ಟಿ ನೀರುಬಣ್ಣ ಬೇಕು. ಅದೇ ಗ್ವಾಶ್. ಇನ್ನೊಂದು ತಮಾಷೆ ಇದೆ. ಆ ಗಂಡಸರ ವಿಗ್ಗಿಗೂ ಹಿಟ್ಟಿನ ಪೌಡರ್ ಹಾಕುತ್ತಿದ್ದರು. ಪೌಡರ್ ಹಾಕಿದ ತಲೆಯನ್ನು ಪೌಡರಿನಲ್ಲೇ ಬರೆದ ಹಾಗಾಯಿತು.

ಪಾಸ್ಟೆಲ್ಲಿನ ಕಷ್ಟ ರಂಗೋಲಿ ಹಾಕಿದವರಿಗೆಲ್ಲ ಗೊತ್ತು. ಸೀರೆ ಸೆರಗು ತಗುಲಿದರೆ ಸಾಕು, ಗೆರೆ ಹೋಯಿತು. ಅದಕ್ಕೇ ಗಾಜಿನ ಹಿಂದೆ ಇಡಬೇಕು. ಹಗುರ ಅಂತ ಅಕ್ರಿಲಿಕ್ ಶೀಟ್ ಹಾಕುವ ಹಾಗೂ ಇಲ್ಲ. ಪ್ಲಾಸ್ಟಿಕ್ ಬಾಚಣಿಗೆ ಕೂದಲನ್ನು ಎಳೆಯುವಂತೆ ಅದು ಪುಡಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬೆಳಕೂ ಜಾಸ್ತಿ ಇರಬಾರದು, ಬಣ್ಣ ಮಂಕಾಗುತ್ತದೆ. ಹಾಗಾಗಿ ಬೀಬೇರಿಯಸ್‌ನ ಅತಿಥಿಗಳು ಇವತ್ತಿಗೂ ಮಬ್ಬು ಬೆಳಕಲ್ಲೇ ಕೂರಬೇಕು.

ಮೇಜಿನ ಸುತ್ತ ಇನ್ನೊಂದು ಮೇಜು

ತ್ರೋಸ್ಟ್ ಸತ್ತ ಮೇಲೆ ಅವನ ಮಗಳು ಎಲಿಸಬೆತ್ ಒಬ್ಬ ಮರದ ವ್ಯಾಪಾರಿಯನ್ನು ಮದುವೆಯಾದಳು. ಅವನ ಹೆಸರು ಕೊರ್ನೇಲಿಸ್ ಪ್ಲೋಸ್ ಫಾನ್ ಆಮ್‌ಸ್ಟೆಲ್. ಮರಕ್ಕಿಂತ ಕಾಗದದ ಮೇಲೆ ಅವನಿಗೆ ಮೋಹ ಜಾಸ್ತಿ. ಸಾವಿರಾರು ಚಿತ್ರ ಕೂಡಿಟ್ಟ. ಕೈಯಿಂದ ಬರೆದ ಚಿತ್ರವನ್ನು ಬಣ್ಣ ಸಮೇತ ಹಾಗೆಯೇ ಅಚ್ಚು ಹಾಕುವ ವಿಧಾನ ಕಂಡುಹಿಡಿದ. ಹಾಗೆ 46 ಅಚ್ಚುಗಳನ್ನು ತಂದ. ಅಚ್ಚು ಯಾವುದು, ಅಸಲು ಯಾವುದು ಅಂತ ಕಣ್ಣು ಮೋಸ ಹೋಗಬೇಕು ಅನ್ನುವುದೇ ಅವನ ಗುರಿ.

ಪುಡಿ ಉದುರುವ ಪಾಸ್ಟೆಲ್ ಬಿಟ್ಟರೆ, ಆ ಕಾಲದಲ್ಲಿ ಕಾಗದದ ಮೇಲಿನ ಚಿತ್ರಗಳನ್ನು ಸಾಮಾನ್ಯವಾಗಿ ಗೋಡೆಗೆ ಹಾಕುತ್ತಿರಲಿಲ್ಲ. ದಪ್ಪ ಆಲ್ಬಮ್ಮುಗಳಲ್ಲಿ ಇಡುತ್ತಿದ್ದರು. ಚಳಿಗಾಲದ ಸಂಜೆ ಗೆಳೆಯರನ್ನು ಕರೆದು, ದೀಪ ಹಚ್ಚಿ, ಒಂದೊಂದೇ ಹಾಳೆ ತೆಗೆದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕಲೆ ನೋಡುವ ಸಂಜೆ ಅಂತಲೇ ಅದಕ್ಕೆ ಹೆಸರು. 1777ರಲ್ಲಿ ಹುಟ್ಟಿದ ಫೆಲಿಕ್ಸ್ ಮೆರಿಟಿಸ್ ಎಂಬ ಸಂಘ ಚಿತ್ರಕಲೆಗೆ ಒಂದು ವಿಭಾಗವನ್ನೇ ಮಾಡಿತ್ತು. ಚಿತ್ರದ ಒಳಗೂ ಮೇಜಿನ ಸುತ್ತ ಕೂತ ಗಂಡಸರು, ಹೊರಗೂ ಮೇಜಿನ ಸುತ್ತ ಕೂತ ಗಂಡಸರು.

ಹೆಂಗಸರು ಎಲ್ಲಿ? ನೆಲ್ರಿಯ ಗೆಳೆಯರೆಲ್ಲ ಗಂಡಸರು. ಹೆಂಡತಿ, ಅಕ್ಕ, ತಂಗಿ ಯಾರೂ ಆ ಮಾತಿನಲ್ಲಿ ಇಲ್ಲ. ಚಿತ್ರ ದಿನನಿತ್ಯದ್ದು ಅನ್ನುವಾಗ ಅರ್ಧ ಮನೆಯ ದಿನನಿತ್ಯ ಅಂತ ತಿದ್ದಿಕೊಳ್ಳಬೇಕು. ತ್ರೋಸ್ಟ್‌ನ ಇನ್ನೊಬ್ಬ ಮಗಳು ಸಾರಾಗೆ ಅಪ್ಪನ ಕೈ ಬಂದಿತ್ತು. ಅಪ್ಪನ ಚಿತ್ರಗಳನ್ನು ನಕಲು ಮಾಡುತ್ತಾ ಅವಳು ತಾನೂ ಚಿತ್ರಗಾರ್ತಿಯಾದಳು.

ಬಾಗಿಲಾಚೆ

ಇನ್ನು ಐದನೇ ಹಾಳೆ. ರಾತ್ರಿ. ಮನೆಯ ಬಾಗಿಲು. ಗಾಡಿ ಕಾದು ನಿಂತಿದೆ. ಆಳುಗಳು ಯಜಮಾನರನ್ನು ಹಿಡಿದು ನಡೆಸುತ್ತಿದ್ದಾರೆ. ಇಡೀ ಸರಣಿಯಲ್ಲಿ ನನಗೆ ಹೆಚ್ಚು ನಿಜ ಅನಿಸುವುದು ಈ ಹಾಳೆ. ಒಳಗೆ ಎಲ್ಲರೂ ಪಾತ್ರ ಮಾಡುತ್ತಿದ್ದರು. ಇಲ್ಲಿ ಕೆಲವರು ಕೆಲಸ ಮಾಡುತ್ತಿದ್ದಾರೆ. ಕುಡಿದವನ ಭಾರ ಹೊತ್ತವನಿಗೆ ಅಭಿನಯಕ್ಕೆ ಪುರುಸೊತ್ತಿಲ್ಲ. ಅವನ ಬೆನ್ನು ಬಗ್ಗಲೇಬೇಕು. ಲ್ಯಾಟಿನ್ ಸಾಲು ಹೇಳುವುದು ನಡೆದವರ ಬಗ್ಗೆ, ಬಿದ್ದವರ ಬಗ್ಗೆ. ಎತ್ತಿದವರ ಮಾತು ಅದರಲ್ಲಿ ಇಲ್ಲ. ಚಿತ್ರದಲ್ಲಿ ಇದೆ.

ಬೀಳುವುದು ಅಂದರೆ ಎಲ್ಲಿಗೆ ಅಂತಲೂ ಕೇಳಬೇಕು. ಆಮ್‌ಸ್ಟರ್‌ಡಾಮ್‌ನವರಿಗೆ ಅದು ನೀರೂ ಆಗಬಹುದು. ಮನೆಯ ಮುಂದೆ ರಸ್ತೆ, ರಸ್ತೆ ಪಕ್ಕದಲ್ಲೇ ಕಾಲುವೆ. ಯಾನ್ ಫಾನ್ ಡೆರ್ ಹೈಡನ್ ಎಂಬವನು (ಅವನೂ ಚಿತ್ರಗಾರ) 1669ರಲ್ಲಿ ಯೋಜನೆ ಮಾಡಿ ಊರಿಗೆಲ್ಲ ಎಣ್ಣೆದೀಪದ ಬೀದಿಕಂಬ ಹಾಕಿಸಿದ್ದ. ಕತ್ತಲಲ್ಲಿ ಜನ ನೀರಿಗೆ ಬೀಳುವುದೂ ಅದಕ್ಕೊಂದು ಕಾರಣ. ದೀಪ ಬಂದವು, ಬೀಳುವುದು ನಿಲ್ಲಲಿಲ್ಲ.

1767ರಲ್ಲಿ, ಅಂದರೆ ಈ ಚಿತ್ರ ಬರೆದು ಇನ್ನೂ ಮೂವತ್ತು ವರ್ಷ ಆಗಿರಲಿಲ್ಲ, ಆಮ್‌ಸ್ಟರ್‌ಡಾಮ್‌ನ ಕೆಲವು ಗೃಹಸ್ಥರು ಸೇರಿ ನೀರಲ್ಲಿ ಮುಳುಗಿದವರನ್ನು ಬದುಕಿಸಲು ಒಂದು ಸಂಘ ಕಟ್ಟಿದರು. ಯುರೋಪಿನ ಬೇರೆ ಊರುಗಳು ಆಮೇಲೆ ಇದನ್ನೇ ನೋಡಿ ಕಲಿತವು. ಬದುಕಿಸಿದವರಿಗೆ ಇನಾಮು ಕೊಡುತ್ತಿದ್ದರು. ಹೇಗೆ ಬದುಕಿಸಬೇಕು ಅನ್ನುವ ಸೂಚನೆಯನ್ನೂ ಹಂಚಿದರು: ಮೈ ಬೆಚ್ಚಗೆ ಮಾಡಿ, ಚೆನ್ನಾಗಿ ಉಜ್ಜಿ, ಬಾಯಿಗೆ ಗಾಳಿ ಊದಿ. ಇವುಗಳಲ್ಲಿ ಬೆಚ್ಚಗೆ ಮಾಡುವುದು, ಬಾಯಿಗೆ ಗಾಳಿ ಊದುವುದು ಇವತ್ತಿಗೂ ಒಪ್ಪುವ ಮಾತು. ಪಟ್ಟಿಯಲ್ಲಿ ಇನ್ನೊಂದಿತ್ತು. ಮುಳುಗಿದವನ ಹಿಂಭಾಗದಿಂದ ಕರುಳಿಗೆ ತಂಬಾಕಿನ ಹೊಗೆ ಊದಬೇಕು. ಅದಕ್ಕೆ ವಿಶೇಷ ಸಲಕರಣೆ ಕೈಗೆ ಸಿಗದಿದ್ದರೆ ಮಾಮೂಲಿ ಪೈಪೇ ಸಾಕು.